ನಮ್ಮ ಅಂಗಳದ ಪ್ಲಾಸ್ಟಿಕ್ ಹುಲ್ಲು

ಮಗಳನ್ನು ನೋಡಲು ಕಕ್ಕಿಂಜೆಯಿಂದ ಗಂಡಿನ ಕಡೆಯವರು ಬರುತ್ತಾರೆಂದು ತಿಳಿದಾಗ, ಮೂಡುಬಿದಿರೆಯ ನಮ್ಮ ಮನೆಯ ಮರ್ಯಾದೆ ಅಂಗಳದಿಂದಲೇ ಶುರುವಾಗಬೇಕೆಂದು ನಾನು ತೀರ್ಮಾನಿಸಿದೆ. ಈಗಾಗಲೇ ಎರಡು ಒಳ್ಳೆಯ ಸಂಬಂಧಗಳು ಕೈತಪ್ಪಿದ್ದವು. ಈ ಹುಡುಗ ಮಗಳಿಗೆ ಫೋಟೋದಲ್ಲೇ ಒಪ್ಪಿಗೆಯಾಗಿದ್ದ. ಇದೊಂದು ತಪ್ಪಬಾರದು.

ಅಂಗಳದ ವಿಷಯದಲ್ಲಿ ನಾನು ಅನುಭವಿ. ಮೊದಲು ನಿಜವಾದ ಹುಲ್ಲಿನ ಲಾನ್ ಬೆಳೆಸಿದ್ದೆ. ಬೇಸಿಗೆಯಲ್ಲಿ ಅದು ಬಾವಿಯ ನೀರನ್ನೆಲ್ಲ ಕುಡಿದು ಸತ್ತಿತು. ಮಳೆಗಾಲದಲ್ಲಿ ನಾನು ನೆಡದ ಹುಲ್ಲೆಲ್ಲ ಸೊಂಟದೆತ್ತರ ಬೆಳೆಯಿತು!

“ಇಂಟರ್‌ಲಾಕ್ ಇಟ್ಟಿಗೆ ಹಾಕುವ. ಗುಡಿಸಲಿಕ್ಕೂ ಸುಲಭ,” ಎಂದಳು ಹೆಂಡತಿ ವಿನೋದಾ.

“ಅದು ಪೆಟ್ರೋಲ್ ಬಂಕಿನ ಹಾಗೆ ಕಾಣ್ತದೆ ಮಾರಾಯ್ತಿ. ಪ್ಲಾಸ್ಟಿಕ್ ಹುಲ್ಲು ಉಂಟು. ನೀರು ಬೇಡ, ಗೊಬ್ಬರ ಬೇಡ, ಸಾಯುವುದೂ ಇಲ್ಲ!”

“ಬಿಸಿಲಿಗೆ?”

“ಗ್ಯಾರಂಟಿ ಉಂಟು!”

ಗ್ಯಾರಂಟಿ ಹುಲ್ಲಿಗೆ ಇತ್ತು. ಕಾಲಿಗೆ ಇರಲಿಲ್ಲ.

ಏಪ್ರಿಲ್ ತಿಂಗಳ ನಡು ಮಧ್ಯಾಹ್ನ ಅವರ ಕಾರು ಬಂದು ನಿಂತಿತು. ಹುಡುಗನ ಅಪ್ಪ ಗೇಟಿನೊಳಗೆ ಬಂದು ಹಸಿರನ್ನು ನೋಡಿ ತಡೆದು ನಿಂತರು. “ಓ, ಕಾರ್ಪೆಟ್ ಹಾಸಿದ್ದಾರೆ,” ಎನ್ನುತ್ತಾ ಚಪ್ಪಲಿ ಕಳಚಿದರು. ಹಿರಿಯರು ಕಳಚಿದ ಮೇಲೆ ಉಳಿದವರು ಸುಮ್ಮನಿರುತ್ತಾರೆಯೇ? ಎಲ್ಲರೂ ಬರಿಗಾಲಾದರು. ಜಗಲಿಯಲ್ಲಿ ನಿಂತ ನಾನು ಹೆಮ್ಮೆಯಿಂದ ಕೈಮುಗಿದೆ.

ಅಂಗಳದ ನಡುವಿಗೆ ಬರುವಷ್ಟರಲ್ಲಿ ಹುಡುಗನ ಅಪ್ಪ ಓಡುತ್ತಿದ್ದರು. ಅಮ್ಮ ಸೀರೆ ಎತ್ತಿಕೊಂಡು ಹಾರುತ್ತಿದ್ದರು. ಸೋದರಮಾವ ಹಿಂದೆ ಹೋಗುವುದೋ ಮುಂದೆ ಬರುವುದೋ ತಿಳಿಯದೆ, “ಅಯ್ಯಯ್ಯೋ, ಸುಡ್ತದೆ ಮಾರಾಯ್ರೇ!” ಎಂದು ಒಂಟಿಕಾಲಿನಲ್ಲಿ ಕೂಗಿದರು. ನಾನು ಓಡಿ ಪೈಪ್ ಹಿಡಿದು ನೀರು ಬಿಟ್ಟೆ. ಬೆಳಗಿನಿಂದ ಬಿಸಿಲಿನಲ್ಲಿ ಬಿದ್ದಿದ್ದ ಪೈಪಿನ ನೀರು ಚಹಾ ಮಾಡುವಷ್ಟು ಬಿಸಿಯಿತ್ತು! ಅದೂ ಅವರ ಕಾಲ ಮೇಲೆಯೇ ಬಿತ್ತು. ಭೂಮಿ ಬಾಯಿಬಿಡಬಾರದೇ ಅನಿಸಿತು. ಬಿಟ್ಟರೂ ಮೇಲೆ ಪ್ಲಾಸ್ಟಿಕ್ ಹಾಸಿದವನು ನಾನೇ.

ಅಷ್ಟರಲ್ಲಿ ಮಗಳು ಅಶ್ವಿನಿ ನಾಚಿಕೆಯನ್ನೆಲ್ಲ ಬದಿಗಿಟ್ಟು ಓಡಿ ಬಂದಳು. ಮನೆಯ ಚಪ್ಪಲಿಗಳನ್ನೆಲ್ಲ ಬಾಚಿ ತಂದು ಅವರ ಮುಂದೆ ಹಾಕಿದಳು. ಎಲ್ಲರನ್ನೂ ಜಗಲಿಯಲ್ಲಿ ಕೂರಿಸಿ ಬಕೆಟುಗಳಲ್ಲಿ ಬಾವಿಯ ತಣ್ಣೀರು ತಂದಿಟ್ಟಳು. ಬಂದವರಿಗೆ ಕಾಲು ತೊಳೆಯಲು ನೀರು, ಬಾಯಿಗೆ ಬೆಲ್ಲ ಕೊಡುವುದು ನಮ್ಮ ಕಡೆಯ ಪದ್ಧತಿ. ಆದರೆ ಬೀಗರಾಗಬೇಕಾದವರು ಬಕೆಟಿನೊಳಗೆ ಕಾಲಿಟ್ಟು ಬೆಲ್ಲ ಮೆಲ್ಲುವುದನ್ನು ನಾನು ಎಲ್ಲಿಯೂ ಕಂಡಿರಲಿಲ್ಲ. ಈ ಸಂಬಂಧವೂ ಹೋಯಿತು, ಮಗಳ ಮುಖ ಇನ್ನು ಹೇಗೆ ನೋಡಲಿ ಎಂದು ಮೂಲೆಯಲ್ಲಿ ನಿಂತು ಒಳಗೊಳಗೇ ಅತ್ತೆ.

ಹುಡುಗನ ಅಪ್ಪ ಬಕೆಟಿನಿಂದ ಕಾಲು ಹೊರಗೆ ತೆಗೆದರು.

“ಹುಡುಗಿ ನಮಗೆ ಒಪ್ಪಿಗೆ. ಒಳ್ಳೆ ಬುದ್ಧಿ ಉಂಟು.”

ನನಗೆ ಹೋದ ಜೀವ ಬಂತು!

ಅವರು ಅಂಗಳವನ್ನೂ ನನ್ನನ್ನೂ ಒಮ್ಮೆ ನೋಡಿ, ವಿನೋದಾಳ ಕಡೆ ತಿರುಗಿದರು.

“ತಾಯಿಯದ್ದೇ ಬಂದಿರಬೇಕು.”

ಎಲ್ಲರೂ ತಲೆಯಾಡಿಸಿದರು. ಮಗಳ ಬಾಳಿನ ಪ್ರಶ್ನೆ, ನಾನೂ ಆಡಿಸಿದೆ.