ಕಪ್ಪು ಪರದೆಯೊಳಗೆ ಆಕಳು ಹುಡುಕಿದ್ದು

ನಾನು ನೆಟ್ಟಗೆ ಮಾಡಲು ಹೊರಟ ಕೆಲಸವೆಲ್ಲ ಯಾರಾದರೂ ನಗುವ ಹಾಗೆಯೇ ಮುಗಿಯುತ್ತದೆ. ದೇವರು ಹಣೆಯಲ್ಲಿ ಬರೆಯುವಾಗ ಅವನಿಗೂ ನಗು ಬಂದು ಕೈ ಅಲ್ಲಾಡಿರಬೇಕು.

ನಾನು ಹಾವೇರಿ ಕಡೆಯ ಹಳ್ಳಿಶಾಲೆಯಲ್ಲಿ ಕಲಿತವನು. ವಿಜಯವಾಡದ ಗವರ್ನರ್‌ಪೇಟೆಯ ಬ್ಯಾಂಕೊಂದರಲ್ಲಿ ಗುಮಾಸ್ತ, ಮನೆ ಪಟಮಟದಲ್ಲಿ. ನನ್ನ ಹೆಂಡತಿಯ ತಮ್ಮ ವಿಶಾಖಪಟ್ಟಣದ ಮಧುರವಾಡದಲ್ಲಿ ಕಂಪ್ಯೂಟರ್ ಇಂಜಿನಿಯರ್. ಅಲ್ಲೇ ಹೊಸ ಕಟ್ಟಡದ ನೆಲಮಹಡಿಯಲ್ಲಿ ಮನೆ ತೆಗೆದುಕೊಂಡ. ಗೃಹಪ್ರವೇಶಕ್ಕೆ ಹತ್ತು ದಿನ ಉಳಿದಾಗ, ಅವನ ಜೊತೆಗಿರುವ ನಮ್ಮ ಅತ್ತೆ ಒಂದೇ ಮಾತು ಹೇಳಿದರು: "ಮೊದಲು ಕರು ಇರೋ ಆಕಳು ಹೊಸ್ತಿಲು ದಾಟಬೇಕು. ಇಲ್ಲಂದ್ರ ನಾ ಹಾಲು ಉಕ್ಕಿಸಂಗಿಲ್ಲ."

ಆ ಬಡಾವಣೆಯಲ್ಲಿ ಲಿಫ್ಟುಗಳಿವೆ, ಈಜುಕೊಳವಿದೆ. ಆಕಳು ಮಾತ್ರ ಇಲ್ಲ.

ಶ್ರೀಕಾರ

ಭಾವಮೈದುನನ ಕಚೇರಿಯಲ್ಲಿ ಫೋನನ್ನು ಬಾಗಿಲಲ್ಲೇ ಒಪ್ಪಿಸಬೇಕು. ಹಾಗಾಗಿ ಅವನು ನನ್ನ ಕಂಪ್ಯೂಟರಿಗೂ ಒಂದು ಹರಟೆಯ ಪ್ರೋಗ್ರಾಮು ಹಾಕಿಕೊಟ್ಟ. ಚಿತ್ರವಿಲ್ಲ, ಬಣ್ಣವಿಲ್ಲ, ಬರೀ ಕಪ್ಪು ಪರದೆ. ಬರೆದು ಎಂಟರ್ ಒತ್ತಿದರೆ ಆ 'ಕೋಣೆ'ಯಲ್ಲಿ ಇರುವವರೆಲ್ಲ ಓದುತ್ತಾರೆ. ಕನ್ನಡ ಅಕ್ಷರ ಹಾಕಿದರೆ ಕೊಂಬು ಒಂದು ಕಡೆ, ದೀರ್ಘ ಒಂದು ಕಡೆ ಬೀಳುತ್ತಿದ್ದುದರಿಂದ ಇಂಗ್ಲಿಷ್ ಅಕ್ಷರದಲ್ಲೇ ಕನ್ನಡ ಬರೆಯುತ್ತಿದ್ದೆವು. ಕೋಣೆಯಲ್ಲಿ ಮೂವರು: ನಾನು, ಅವನು, ಮತ್ತು ಅವನ ಹೊಸ ಮನೆಯ ಬೀಗದ ಕೈ ಇಟ್ಟುಕೊಂಡಿದ್ದ ಗೆಳೆಯರೊಬ್ಬರು. ಅವರು ಔಷಧ ಕಂಪನಿಯೊಂದರ ಕೆಮಿಸ್ಟ್, ಮಂಡ್ಯ ಕಡೆಯವರು, ತೆಲುಗು ನಾಡಿಗೆ ಬಂದು ಎರಡೇ ತಿಂಗಳಾಗಿತ್ತು.

ಶ್ರೀಕಾರವಿಲ್ಲದೆ ನಾನು ದಿನಸಿ ಚೀಟಿಯನ್ನೂ ಬರೆಯುವವನಲ್ಲ. ಶ್ರೀ ಎಂದು ಬರೆದು ಎಡಬಲಕ್ಕೆ ಗೆರೆ ಎಳೆಯಬೇಕು. ನೆಟ್ಟಗಿನ ಗೆರೆ ಸಿಗಲಿಲ್ಲ, ಓರೆಗೆರೆ ಸಿಕ್ಕಿತು, ಹಾಕಿದೆ. ಅದರ ಮುಂದೆ ಆಕಳಿನ ವಿಷಯವನ್ನು ವಿವರವಾಗಿ ಬರೆದು ಎಂಟರ್ ಒತ್ತಿದೆ. ಎಲ್ಲ ಮಾಯ! "ಶ್ರೀ ಎಂಬ ಆಜ್ಞೆ ಗೊತ್ತಿಲ್ಲ" ಎಂದು ಇಂಗ್ಲಿಷಿನಲ್ಲಿ ಉತ್ತರ ಬಂತು. ಮತ್ತೆ ಬರೆದೆ, ಮತ್ತೆ ಮಾಯ. ಒಂದು ಗಂಟೆ ಕಳೆಯಿತು.

ಸಂಜೆ ಭಾವಮೈದುನ ಫೋನು ಮಾಡಿದ. "ಭಾವ, ಕೋಣೆಗೆ ಬಂದು ಒಂದು ಮಾತೂ ಆಡದೆ ಕೂತಿದ್ರಿ. ಸಿಟ್ಟಾ?"

"ನಿನ್ನ ಯಂತ್ರಕ್ಕೆ ಶ್ರೀ ಯಾರು ಅಂತ ಗೊತ್ತಿಲ್ಲವಂತೆ."

ಅವನು ನಕ್ಕು ಹೇಳಿದ: "ಓರೆಗೆರೆಯಿಂದ ಶುರು ಮಾಡಿದ್ರೆ ಅದು ಅಪ್ಪಣೆ ಅಂದ್ಕೋತದ. ಅದಕ್ಕಿಂತ ಮೊದಲು ಒಂದು ಖಾಲಿ ಜಾಗ ಬಿಡ್ರಿ."

"ಶ್ರೀಕಾರಕ್ಕಿಂತ ಮುಂಚೆ ಖಾಲಿಯೇನೋ?"

"ಸೃಷ್ಟಿಗಿಂತ ಮುಂಚೆ ಏನೂ ಇರಲಿಲ್ಲ ಅಂತ ಪುರಾಣದಾಗ ನೀವೇ ಹೇಳ್ತೀರಲ್ಲ, ಭಾವ."

ಅಂದಿನಿಂದ ಖಾಲಿ ಬಿಟ್ಟೇ ಬರೆಯುತ್ತೇನೆ.

ನಾಲ್ವರು ಅಳಿಯಂದಿರು

ಪ್ರೋಗ್ರಾಮಿನಿಂದ ಹೊರಬರಲು 'ಕ್ವಿಟ್' ಎಂದು ಬರೆಯಬೇಕು. ಹಾಗೆಂದರೆ ಬಿಟ್ಟುಹೋಗು ಎಂದು ತಿಳಿದ ಕೂಡಲೆ ಹೆಂಡತಿ ನನ್ನ ಕೈ ಹಿಡಿದಳು.

"ಶುಭಕಾರ್ಯದ ಮಾತಾಡಿ ಏಳುವಾಗ ಬಿಟ್ಟುಹೋಗ್ತೀನಿ ಅಂತೀರೇನ್ರಿ? ಹೋಗಿ ಬರ್ತೀನಿ ಅನ್ರಿ."

ಮಾತು ಸರಿಯೇ. "ಹೋಗಿ ಬರ್ತೀನಿ" ಎಂದು ಬರೆದು, ಪ್ರೋಗ್ರಾಮಿನ ಕಿಟಕಿಯನ್ನು ಮುಚ್ಚದೆ ಪರದೆಯ ತಳಕ್ಕೆ ಇಳಿಸಿ ಎದ್ದೆ. ಮರುದಿನ ಹೊಸ ಕಿಟಕಿ ತೆರೆದೆ. 'ಅಳಿಯ' ಎಂಬುದು ನಾನಿಟ್ಟುಕೊಂಡ ಹೆಸರು. ಆ ಹೆಸರಿನವರು ಆಗಲೇ ಒಳಗಿದ್ದಾರೆ ಎಂದು ಪ್ರೋಗ್ರಾಮು ನನ್ನ ಹೆಸರಿಗೆ ಒಂದು ಅಡ್ಡಗೆರೆ ಅಂಟಿಸಿತು. ಒಳಗಿದ್ದವನೂ ನಾನೇ! ಮೂರನೆಯ ದಿನ ಎರಡು ಗೆರೆ, ನಾಲ್ಕನೆಯ ದಿನ ಮೂರು.

ಆ ವಾರ ರಜೆಯ ದಿನ ಮನೆಯಲ್ಲಿದ್ದ ಭಾವಮೈದುನ ಕೋಣೆಯಲ್ಲಿ ಇದ್ದವರ ಹೆಸರುಗಳನ್ನು ತಾಯಿಗೆ ಓದಿ ಹೇಳಿದನಂತೆ. ಅತ್ತೆ ಗಾಬರಿಯಾಗಿ ನನ್ನ ಹೆಂಡತಿಗೆ ಫೋನು ಮಾಡಿದರು: "ನನಗಿರೋಳು ನೀನೊಬ್ಬಾಕಿ ಮಗಳು. ಅಳಿಯಂದಿರು ನಾಲ್ಕು ಮಂದಿ ಎಲ್ಲಿಂದ ಬಂದ್ರವಾ?"

ಶಾಂತ ಸ್ವಭಾವ

ಆಕಳು ಇನ್ನೂ ಸಿಕ್ಕಿರಲಿಲ್ಲ. ಭಾವಮೈದುನನ ಪರದೆಯಲ್ಲಿ ಎರಡು ಕೋಣೆಗಳು: ಒಂದು ನಮ್ಮದು, ಇನ್ನೊಂದು ಕಚೇರಿಯದು. ಊರಲ್ಲಿ ಹಂಚಲು ಒಂದು ಸಣ್ಣ ಪ್ರಕಟಣೆಯನ್ನು ಇಂಗ್ಲಿಷಿನಲ್ಲಿ ಬರೆದು, ನಾನು ತಿದ್ದಲೆಂದು ನಮ್ಮ ಕೋಣೆಗೆ ಹಾಕಲು ಹೋಗಿ ಕಚೇರಿಯ ಕೋಣೆಗೆ ಹಾಕಿಬಿಟ್ಟ: "ಬೇಕಾಗಿದೆ. ಶಾಂತ ಸ್ವಭಾವ. ಗಲಾಟೆಗೆ ಹೆದರಬಾರದು. ಬೆಳಿಗ್ಗೆ ಐದಕ್ಕೆ ಬರಬೇಕು, ಒಂದು ಗಂಟೆ ನಿಂತರೆ ಸಾಕು."

ಆಕಳು ಎಂಬ ಮಾತನ್ನೇ ಮರೆತಿದ್ದ. ಅವನ ಮೇಲಧಿಕಾರಿ ಕೂಡಲೆ ಉತ್ತರಿಸಿದರಂತೆ: "ಸಿಕ್ಕರೆ ಇಬ್ಬರನ್ನು ತೆಗೆದುಕೊಳ್ಳಿ. ನನ್ನ ವಿಭಾಗಕ್ಕೂ ಒಬ್ಬರು ಬೇಕು."

ಆವು ಬಂತು

ಮುಹೂರ್ತಕ್ಕೆ ಎರಡೇ ದಿನ. ನನಗೆ ಬ್ಯಾಂಕಿನ ರಜೆ, ಭಾವಮೈದುನ ಕಚೇರಿಯಲ್ಲಿ ಯಾವುದೋ ಮೀಟಿಂಗಿಗೆ ಹೋಗಿದ್ದ. ಮಂಡ್ಯದವರು ಹೊಸ ಮನೆಯಲ್ಲಿ ಬಣ್ಣದ ಕೆಲಸ ನೋಡುತ್ತ ಲ್ಯಾಪ್‌ಟಾಪ್ ಹಿಡಿದು ಕೂತಿದ್ದರು. ಮಧ್ಯಾಹ್ನ ಅವರಿಂದ ಪರದೆಯ ಮೇಲೆ ಒಂದು ಸಾಲು ಬಂತು:

"ಸಾರ್, ಒಸ ಮನೇಗೆ ಆವು ಬಂದದೆ. ಅಡುಗೆಮನೆ ಬಾಗ್ಲಲ್ಲೇ ಮನೀಕಂಡದೆ."

ಹದಿನೆಂಟು ವರ್ಷ ವಿಜಯವಾಡದ ನೀರು ಕುಡಿದವನು ನಾನು. ತೆಲುಗಿನಲ್ಲಿ ಆವು ಎಂದರೆ ಆಕಳು. ನನಗೆ ಮೈ ಜುಮ್ಮೆಂದಿತು. "ಬಾರೇ! ಆಕಳು ತಾನಾಗೇ ನಡೆದು ಬಂದೈತಿ!" ಎಂದು ಕೂಗಿದೆ. ಹೆಂಡತಿ ಓಡಿಹೋಗಿ ದೇವರಿಗೆ ತುಪ್ಪದ ದೀಪ ಹಚ್ಚಿದಳು.

"ನಿಮ್ಮ ಪುಣ್ಯ. ಓಡಿಸಬೇಡಿ. ಹೊರಬಾಗಿಲು ಹಾಕಿ," ಎಂದು ಬರೆದೆ.

"ಒಳಗೆ ನಾನೂ ಇವ್ನಿ ಸಾ! ಬಣ್ಣದೋರು ಓಡೋದ್ರು. ಫೋನು ಆಚೆ ರೂಮಲ್ಲದೆ. ನಾನು ಅಡುಗೆ ಕಟ್ಟೆ ಅತ್ತಿ ಕುಂತಿವ್ನಿ."

"ಹೆದರಬೇಡಿ, ಸಾಧುಪ್ರಾಣಿ. ಹತ್ತಿರ ಹೋಗಿ ಕುಂಕುಮ ಹಚ್ಚಿ, ಬಾಳೆಹಣ್ಣು ತಿನ್ನಿಸಿ, ಮೆಲ್ಲಗೆ ಬೆನ್ನು ಸವರಿ."

ಉತ್ತರ ಬಂತು:

"ಸಾರ್, ನಂಗೆ ಎಂಡ್ತಿ ಮಕ್ಕಳವ್ರೆ."

"ಅವರನ್ನೂ ಕರೆಯಿರಿ, ನಮಸ್ಕಾರ ಮಾಡಲಿ. ಮೊದಲು ಅದರ ಕಾಲು ತೊಳೆಯಿರಿ."

"ಇದ್ಕೆ ಕಾಲೇ ಇಲ್ಲ ಸಾ!"

"ಅಯ್ಯೋ ಪಾಪ! ಮತ್ತೆ ಒಳಗೆ ಹೇಗೆ ಬಂತು?"

"ಅರ್ಕೊಂಡು ಬಂತು!"

ಅಷ್ಟರಲ್ಲಿ ಭಾವಮೈದುನ ಮೀಟಿಂಗಿನಿಂದ ಬಂದು ಎಲ್ಲ ಓದಿದನೆಂದು ಕಾಣುತ್ತದೆ. ದೊಡ್ಡ ಅಕ್ಷರಗಳಲ್ಲಿ ಬಂತು: "ಭಾವ! ಹ! ಹ! ಹ!"

ನನಗೆ ಸಿಟ್ಟು ಬಂತು. "ಕಾಲಿಲ್ಲದ ಮೂಕಪ್ರಾಣಿಯನ್ನು ನೋಡಿ ನಗುತ್ತೀಯಾ?"

"ನಗ್ತಿಲ್ಲ ಭಾವ! ಅವರು 'ಹ' ನುಂಗಿ ಬರೀತಾರ! 'ಹ' ಹಾಕಿ ಓದ್ರಿ! ಹಾವು!"

ಇಷ್ಟು ಬರೆದು ಅವನು ಬಾಗಿಲಿಗೆ ಓಡಿ ಫೋನು ಪಡೆದು ಹಾವು ಹಿಡಿಯುವವರನ್ನು ಕರೆಸಿದ. ಅವರು ಹಾವನ್ನು ಚೀಲಕ್ಕೆ ಹಾಕಿಕೊಂಡು, ನಡೆದ ಕಥೆ ಕೇಳಿ, ಹೊಟ್ಟೆ ಹಿಡಿದುಕೊಂಡು ನಕ್ಕರಂತೆ. ನಕ್ಕು ಮುಗಿಸಿ, "ಆವಾ ಸಾರ್? ಮಾ ಇಂಟ್ಲೋ ಉಂದಿ, ದೂಡತೋ ಸಹಾ," ಎಂದರಂತೆ. ಆಕಳು ಅವರ ಮನೆಯಲ್ಲೇ ಇತ್ತು, ಕರುವಿನ ಸಮೇತ!

ಮುಹೂರ್ತದ ಬೆಳಿಗ್ಗೆ ನಾವೆಲ್ಲ ಅಲ್ಲಿದ್ದೆವು. ತೆಲುಗು ಪುರೋಹಿತರು ಹೊಸ್ತಿಲಲ್ಲಿ ನಿಂತು, "ಆವು ವಚ್ಚಿಂದಿ! ದಾರಿ ಇವ್ವಂಡಿ!" ಎಂದು ಕೂಗಿ ಆಕಳಿಗೆ ದಾರಿ ಬಿಡಿಸಿದರು. ಗಂಟೆ ಕಟ್ಟಿದ ಬಿಳಿ ಆಕಳು ಬಲಗಾಲಿಟ್ಟು ಗಂಭೀರವಾಗಿ ಒಳಗೆ ಬಂತು. ಅತ್ತೆ ಕಣ್ಣೊರೆಸಿಕೊಂಡು ಹಾಲಿನ ಪಾತ್ರೆ ಹಿಡಿದು ಅಡುಗೆಮನೆಗೆ ಹೋದರೆ, ಒಲೆಯ ಪಕ್ಕ ಕಟ್ಟೆಯ ಮೇಲೆ, ಆ ಕೂಗು ಕೇಳಿದ ಮಂಡ್ಯದವರು ರೇಷ್ಮೆ ಪಂಚೆ ಎತ್ತಿ ಹಿಡಿದು ನಿಂತಿದ್ದಾರೆ.

"ಇಳಿಯಪ್ಪಾ, ಅದು ಆಕಳು," ಎಂದರು ಅತ್ತೆ.

ಅವರು ಇಳಿಯಲಿಲ್ಲ.

"ಮೊದ್ಲು ಕಾಲು ಎಣ್ಸಿ ಏಳ್ರಮ್ಮ."