ಹೆಬ್ಬೆಟ್ಟಿನ ಐದು ದಿನದ ರಜೆ

ರೇಷನ್ ಅಂಗಡಿಗೆ ಹೋಗುವುದು, ಒಂದು ಬೆರಳು ಒತ್ತುವುದು, ಮನೆಗೆ ಬರುವುದು. ಇದರಲ್ಲಿ ತಪ್ಪುವುದಕ್ಕೆ ಏನಿದೆ? ನಾನೂ ಹಾಗೇ ಅಂದುಕೊಂಡು, ಪೆಟ್ಟಿಗೆಯಲ್ಲಿದ್ದ ಒಳ್ಳೆಯ ಸೀರೆ ಉಟ್ಟು ಹೊರಟೆ. ಪವಿ, ಚಿನ್ನು, ಆಮೇಲೆ ಏನಾಯಿತು ಎಂದು ನಿಮ್ಮಮ್ಮ ನಗುತ್ತ ಹೇಳುವ ಕಥೆಯಲ್ಲಿ ಅರ್ಧ ಮಾತ್ರ ನಿಜ. ಉಳಿದರ್ಧ ಅದಕ್ಕಿಂತ ಕೆಟ್ಟದ್ದು. ಅದಕ್ಕೇ ನಾನೇ ಬರೆದಿಡುತ್ತಿದ್ದೇನೆ.

ವಿಷಯ ಇಷ್ಟೇ. ಕಾರ್ಡಿನಲ್ಲಿ ಹೆಸರಿರುವವರೆಲ್ಲ ತಿಂಗಳು ಮುಗಿಯುವುದರೊಳಗೆ ಅಂಗಡಿಯ ಮೆಷಿನ್ನಿಗೆ ಬೆರಳು ಕೊಡಬೇಕು, ಕೊಡದವರ ಹೆಸರು ಬಿಟ್ಟುಹೋಗುತ್ತದೆ ಎಂದು ಊರಲ್ಲಿ ಹೇಳಿಸಿದ್ದರು. ನೀವಿಬ್ಬರೂ, ನಿಮ್ಮಪ್ಪ, ಅಮ್ಮನೂ ಒಂದೇ ದಿನ ಹೋಗಿ ಕೊಟ್ಟು ಬಂದಿರಿ. ಉಳಿದವಳು ನಾನೊಬ್ಬಳು. ಕಾರ್ಡಿನಲ್ಲಿ ಯಜಮಾನಿ ಎಂದು ಇರುವುದೂ ನನ್ನ ಹೆಸರೇ, ಫೋಟೋವೂ ನನ್ನದೇ.

ನಿಮ್ಮ ತಾತ ತೀರಿಕೊಂಡ ವರ್ಷ ನಿಮ್ಮಪ್ಪ ಇನ್ನೂ ಶಾಲೆಯ ಹುಡುಗ. ಆ ವರ್ಷ ಈ ಮನೆಯ ಒಲೆ ಒಂದು ದಿನವೂ ತಣ್ಣಗಾಗಲಿಲ್ಲ ಎಂದರೆ ಅದಕ್ಕೆ ಕಾರಣ ಆ ಕಾರ್ಡಿನ ಅಕ್ಕಿ. ಯಾರ ಬಾಗಿಲಿಗೂ ಹೋಗಿ ನಾನು ಸೆರಗು ಒಡ್ಡಲಿಲ್ಲ. ಇವತ್ತಿಗೂ ನಾವು ಐದು ಜನ ಉಣ್ಣುವ ಅನ್ನ, ಮುದ್ದೆಯಲ್ಲಿ ಹೆಚ್ಚಿನ ಪಾಲು ಅದರದೇ. ನನ್ನ ದೆಸೆಯಿಂದ ಅದಕ್ಕೆ ತೊಂದರೆ ಬರಬಾರದು. ನನಗೆ ಇದ್ದ ಚಿಂತೆ ಇದೊಂದೇ.

ಆದರೆ ಚಿಂತೆಯ ಜೊತೆಗೆ ಒಂದು ಜಂಭವೂ ಇತ್ತು. ನಾನು ಸಾದಲಿಯ ಶಾಲೆಯಲ್ಲಿ ಏಳನೇ ಕ್ಲಾಸಿನವರೆಗೆ ಓದಿದವಳು. ಓದದೇ ಇರುವವರು ಜೀವನಪೂರ್ತಿ ಬೆರಳಿಗೆ ಮಸಿ ಬಳಿದುಕೊಳ್ಳಬೇಕು ಎಂದು ನಮ್ಮ ಮೇಷ್ಟ್ರು ದಿನಾ ಹೆದರಿಸುತ್ತಿದ್ದರು. ಆ ಹೆದರಿಕೆಯಿಂದಲೇ ನಾನು ರುಜು ಕಲಿತೆ. 'ಮುನಿಲಕ್ಷ್ಮಮ್ಮ' ಎಂದು ಒಂದೇ ಓಟದಲ್ಲಿ, ಕೊನೆಗೆ ಒಂದು ಬಾಲ ಎಳೆದು! ಹೀಗಾಗಿ ಬೆರಳು ಒತ್ತುವುದು ಬರೆಯಲು ಬಾರದವರಿಗೆ, ಬರೆಯಬಲ್ಲವರಿಗೆ ರುಜು ಎಂದು ನಾನೇ ಒಂದು ಕಾನೂನು ಮಾಡಿಕೊಂಡು, ಚೀಲದಲ್ಲಿ ಪೆನ್ನು ಇಟ್ಟುಕೊಂಡೇ ಹೋಗಿದ್ದೆ.

ಅಂಗಡಿ ನಡೆಸುವುದು ನಮ್ಮೂರ ಮಹಿಳಾ ಸಂಘ. ಅಲ್ಲಿ ಕೂರುವವಳು ರತ್ನಮ್ಮ. ಅವಳ ಮುಂದೆ ಅಂಗೈಯಗಲದ ಮೆಷಿನ್ನು, ಅದರ ಮೇಲೆ ಒಂದು ಪುಟ್ಟ ಗಾಜು. ನನ್ನ ಸರದಿ ಬಂತು. ಇಲ್ಲಿ ಅಜ್ಜಿ ಎಂದು ರತ್ನಮ್ಮ ಗಾಜು ತೋರಿಸಿದಳು. ನಾನು ಪೆನ್ನು ತೆಗೆದು, ಆ ಗಾಜಿನ ಮೇಲೆ ಮುತ್ತಿನಂಥ ಅಕ್ಷರದಲ್ಲಿ ರುಜು ಹಾಕಿದೆ.

ಬಾಲ ಎಳೆಯಲು ಜಾಗ ಸಾಲಲಿಲ್ಲ.

ಸಾಲಿನಲ್ಲಿದ್ದವರು ನಕ್ಕರು. ರತ್ನಮ್ಮ ಮಾತ್ರ ನಗಲಿಲ್ಲ. ತನ್ನ ಸೆರಗಿನಿಂದಲೇ ಗಾಜು ಒರೆಸಿ, ನನ್ನ ಹೆಬ್ಬೆಟ್ಟನ್ನು ಮೆತ್ತಗೆ ಹಿಡಿದು ಅದರ ಮೇಲೆ ಇಟ್ಟಳು. ಕೆಂಪು ದೀಪ. ಮತ್ತೆ ಇಟ್ಟಳು. ಮತ್ತೆ ಕೆಂಪು. ಮೂರನೇ ಸಲವೂ ಕೆಂಪು ಬಂದಾಗ ಅವಳು ಏನೋ ಹೇಳಲು ಬಾಯಿ ತೆರೆದಳು. ಅಷ್ಟರಲ್ಲಿ ನಾನು ತಲೆ ಮೇಲೆ ಸೆರಗು ಎಳೆದುಕೊಂಡು ಬೀದಿಯ ತಿರುವು ದಾಟಿಯಾಗಿತ್ತು. ನನ್ನ ನಾಚಿಕೆಗೆ ನನ್ನ ಮಂಡಿನೋವಿಗಿಂತ ಬಲ ಜಾಸ್ತಿ.

ಮನೆಗೆ ಬಂದು ಹೆಬ್ಬೆಟ್ಟನ್ನು ಬಿಸಿಲಿಗೆ ಹಿಡಿದು ನೋಡಿದೆ. ಗೆರೆಯೇ ಇಲ್ಲ! ಗೋಲಿಯ ಹಾಗೆ ನುಣ್ಣಗಿದೆ. ಯೋಚಿಸಿದರೆ ಅದರಲ್ಲಿ ಆಶ್ಚರ್ಯವೇನೂ ಇರಲಿಲ್ಲ. ಶಿಡ್ಲಘಟ್ಟದ ನೂಲು ತೆಗೆಯುವ ಕಾರ್ಖಾನೆಯಲ್ಲಿ ನಲವತ್ತು ವರ್ಷ, ಬೇಯುವ ರೇಷ್ಮೆ ಗೂಡಿನ ಬಿಸಿನೀರಿನಲ್ಲಿ ಕೈ ಅದ್ದಿ, ಎಳೆಯ ತುದಿ ಹುಡುಕಿ ಹುಡುಕಿ ತೆಗೆದ ಹೆಬ್ಬೆಟ್ಟು ಅದು. ಗೂಡಿನ ನೂಲಿನ ಜೊತೆ ನನ್ನ ಗೆರೆಗಳೂ ಸುತ್ತಿಕೊಂಡು ಯಾರದೋ ಮದುವೆ ಸೀರೆಗೆ ಹೋಗಿದ್ದವು.

ಪಕ್ಕದ ಮನೆಯ ಪಾಪಕ್ಕ ನಿಮಗೆ ಗೊತ್ತಲ್ಲ. ಊರಿನ ಎಲ್ಲ ಕಾಯಿಲೆಗೂ ಅವಳ ಹತ್ತಿರ ಮದ್ದಿದೆ, ಅವಳ ಕೆಮ್ಮಿಗೆ ಮಾತ್ರ ಇಲ್ಲ. ಅವಳು ನನ್ನ ಬೆರಳನ್ನು ತಿರುಗಿಸಿ ತಿರುಗಿಸಿ ನೋಡಿ ತೀರ್ಪು ಕೊಟ್ಟಳು.

"ಒಣಗೋಗೈತೆ ಅಷ್ಟೇ ಕಣೇ. ರಾತ್ರಿ ಹರಳೆಣ್ಣೆ ಹಚ್ಚಿ ಮಲ್ಕೊ. ಗೆರೆ ಎಲ್ಲಾ ಎದ್ ಬರ್ತಾವೆ."

ಹಚ್ಚಿದೆ. ಕಡಿಮೆಯಾದರೆ ಎಂದು ಬೆಳಿಗ್ಗೆ ಹೊರಡುವಾಗಲೂ ಇನ್ನೊಂದು ಸಲ ಧಾರಾಳವಾಗಿ ಹಚ್ಚಿದೆ. ಅಂಗಡಿಯಲ್ಲಿ ನನ್ನ ಹೆಬ್ಬೆಟ್ಟು ಗಾಜಿನ ಮೇಲೆ ಕೂರಲೇ ಇಲ್ಲ, ಜಾರುಬಂಡೆ ಆಡಿತು. ಕೆಂಪು ದೀಪ. ಅದೂ ಹೋಗಲಿ, ನನ್ನ ಹಿಂದೆ ನಿಂತವರ ಬೆರಳುಗಳನ್ನೂ ಮೆಷಿನ್ನು ಗುರುತು ಹಿಡಿಯುವುದನ್ನು ಬಿಟ್ಟಿತು! ಇಡೀ ಊರನ್ನೇ ಯಾರೆಂದು ಗೊತ್ತಿಲ್ಲ ಎನ್ನತೊಡಗಿತು. ಇದರ ಮೇಲೆ ವಡೆ ಕರಿದವರು ಯಾರು ಎಂದು ಹಿಂದಿನಿಂದ ಯಾರೋ ಕೇಳಿದರು. ರತ್ನಮ್ಮ ಒಂದು ಮಾತೂ ಬೈಯದೆ ಹತ್ತಿ ತಂದು ಗಾಜಿನ ಸಂದಿಸಂದಿಯನ್ನೂ ಒರೆಸುತ್ತ ಕುಳಿತಳು. ಅವಳ ತಾಳ್ಮೆಗೆ ನಾನು ಮನಸ್ಸಿನಲ್ಲೇ ಕೈಮುಗಿದೆ. ಕಾಲಂತೂ ಆಗಲೇ ಓಡುತ್ತಿತ್ತು.

ತಿಂಗಳು ಮುಗಿಯಲು ಇನ್ನು ಐದೇ ದಿನ. ಪಾಪಕ್ಕನ ಎರಡನೇ ಮದ್ದು ಇನ್ನೂ ಗಂಭೀರವಾಗಿತ್ತು. ಹೆಬ್ಬೆಟ್ಟಿಗೆ ಐದು ದಿನ ಪೂರ್ತಿ ರಜೆ ಕೊಡಬೇಕು. ಕೆಲಸ ಮಾಡಿ ಸವೆದದ್ದು, ಸುಮ್ಮನಿದ್ದರೆ ಚಿಗುರುತ್ತದೆ. ನನಗೂ ಇದು ನ್ಯಾಯವೆನಿಸಿತು. ಬೆಣ್ಣೆ ಸವರಿ, ಹಳೇ ಪಂಚೆಯ ಬಟ್ಟೆ ಸುತ್ತಿ, ನಿಂಬೆಹಣ್ಣಿನ ಗಾತ್ರಕ್ಕೆ ಕಟ್ಟು ಕಟ್ಟಿದೆವು.

ಹೆಬ್ಬೆಟ್ಟಿಲ್ಲದೆ ಮುದ್ದೆ ಮುರಿಯುವುದು ಎಷ್ಟು ಕಷ್ಟ ಎಂದು ಅವತ್ತೇ ನನಗೆ ತಿಳಿದದ್ದು. ನಾಲ್ಕು ಬೆರಳಲ್ಲಿ ಹಿಡಿದ ತುತ್ತು ಬಾಯಿಗೆ ಬರುವ ಬದಲು ಸಾರಿಗೆ ಹಾರಿತು. ಸಾರು ಚಿನ್ನುವಿನ ಮುಖಕ್ಕೆ ಹಾರಿತು. ಕೈಗೆ ಏನಾಯಿತು ಎಂದು ನಿಮ್ಮಮ್ಮ ಕೇಳಿದಾಗ, ನಿಜ ಹೇಳಲು ನಾಚಿ, ಏನೋ ಸ್ವಲ್ಪ ಪೆಟ್ಟಾಯಿತು ಎಂದುಬಿಟ್ಟೆ.

ಆ 'ಸ್ವಲ್ಪ ಪೆಟ್ಟು' ನೀರಿನ ನಲ್ಲಿಯ ಹತ್ತಿರ ಹೋಗುವಾಗ ದೊಡ್ಡ ಗಾಯವಾಯಿತು. ಹಾಲಿನ ಡೈರಿ ತಲುಪುವಾಗ ಅರ್ಧ ಬೆರಳು ಹೋಗಿತ್ತು. ಸುತ್ತಿ ಬಂದು ನಿಮ್ಮಮ್ಮನ ಕಿವಿಗೆ ಬೀಳುವಾಗ ಹೆಬ್ಬೆಟ್ಟೇ ಇರಲಿಲ್ಲ, ಅವಳೂ ನಂಬಿದಳು. ಮೂರನೇ ದಿನ ನಮ್ಮ ಜಗಲಿಯ ಮೇಲೆ ಹತ್ತು ಜನ ಕುಳಿತಿದ್ದರು. ಬ್ರೆಡ್ಡು ಬಂತು, ಮೂಸಂಬಿ ಬಂತು. ಬೆರಳು ಕಳೆದುಕೊಂಡ ಕೂಲಿಯವರಿಗೆ ಸರ್ಕಾರದ ಸಹಾಯ ಸಿಗುತ್ತದೆ ಎಂದು ಪಂಚಾಯ್ತಿ ಸದಸ್ಯರೊಬ್ಬರು ಅರ್ಜಿ ನಮೂನೆಯನ್ನೇ ತಂದಿದ್ದರು. ಸುಳ್ಳು ಹೇಳಿ ಪಡೆಯುವುದು ನನ್ನ ಜನ್ಮದಲ್ಲಿಲ್ಲ. ತಲೆ ಜೋರಾಗಿ ಅಲ್ಲಾಡಿಸಿ ಬೇಡ ಎಂದೆ. ಎಂಥಾ ಸ್ವಾಭಿಮಾನ ಎಂದು ಜನ ಇನ್ನೂ ಹೊಗಳಿದರು!

ನಾಲ್ಕನೇ ದಿನ ಆಸ್ಪತ್ರೆಯಿಂದ ನರ್ಸಮ್ಮ ಬಂದರು. ಊರಲ್ಲಿ ಯಾರಿಗೆ ಏನಾದರೂ ಮನೆಗೇ ಬಂದು ನೋಡುವ ಪುಣ್ಯಾತ್ಗಿತ್ತಿ. ಕಟ್ಟು ಬಿಚ್ಚಿ ಎಂದರು. ಬಿಚ್ಚಿದರೆ ಬೆಣ್ಣೆ. ನಾನು ಕೈಯನ್ನು ಸೆರಗಿನೊಳಗೆ ಬಚ್ಚಿಟ್ಟುಕೊಂಡು ಗೋಡೆಗೆ ತಿರುಗಿ ಕುಳಿತೆ. ಪಾಪ, ನೋವಿರಬೇಕು ಎಂದುಕೊಂಡ ಅವರು ಟಿಟಿ ಇಂಜೆಕ್ಷನ್ನನ್ನಾದರೂ ಹಾಕಿಸಿಕೊಳ್ಳಿ ಎಂದರು. ಬಾಯಿಬಿಟ್ಟು ನಿಜ ಹೇಳುವುದೋ, ತೋಳು ಚಾಚುವುದೋ? ತೋಳು ಚಾಚಿದೆ. ಆ ಐದು ದಿನಗಳಲ್ಲಿ ನನಗಾದ ಗಾಯ ಅದೊಂದೇ.

ಕೊನೆಯ ದಿನ ಬಂತು. ಜಗಲಿಯಲ್ಲಿ ಎಂದಿನಂತೆ ಜನ. ನಾನು ಒಳಗೆ ಕುಳಿತು, ಇವತ್ತು ಸಂಜೆಗೆ ನನ್ನ ಹೆಸರು ಹೋಗುತ್ತದೆ, ನನ್ನ ಹಿಂದೆ ನಿಮ್ಮ ತಟ್ಟೆಯ ಅನ್ನವೂ ಹೋಗುತ್ತದೆ ಎಂದು ಕಣ್ಣೀರು ಹಾಕುತ್ತಿದ್ದೆ. ಆಗ ಬಟ್ಟೆಚೀಲ ಹಿಡಿದುಕೊಂಡು ರತ್ನಮ್ಮ ಒಳಗೆ ಬಂದಳು. ಅಂಗಡಿ ಮುಚ್ಚಿ, ಬಿಸಿಲಲ್ಲಿ ನಡೆದು ಬಂದಿದ್ದಳು. ಚೀಲದಿಂದ ಮೆಷಿನ್ನು ತೆಗೆದು ನನ್ನ ಮುಂದೆ ಚಾಪೆಯ ಮೇಲೆ ಇಟ್ಟಳು. ನನ್ನ ಹೊಸಿಲಿಗೆ ಸರ್ಕಾರವೇ ನಡೆದು ಬಂದ ಹಾಗಾಯಿತು.

"ಹೆಬ್ಬೆಟ್ಟೇ ಇಲ್ವಲ್ಲ ರತ್ನ, ಅತ್ತೆ ಹೆಸರು ಹೆಂಗೆ ಉಳಿಸ್ತೀಯ?" ಎಂದು ನಿಮ್ಮಮ್ಮ ಅಳುಮುಖ ಮಾಡಿಕೊಂಡಳು.

"ಯಾಕಕ್ಕ, ಅಜ್ಜಿಗೆ ಇನ್ನೂ ಒಂಬತ್ತು ಬೆರಳು ಐತಲ್ಲ. ಯಾವ್ದಾದ್ರೂ ಆಯ್ತದೆ. ನಾನು ಅವತ್ತೇ ಹೇಳಣ ಅಂತ ಬಾಯಿ ತೆಗ್ದೆ. ಅಜ್ಜಿ ನಿಂತ್ಕೊಂಡ್ರೆ ತಾನೇ."

ಅವಳು ನನ್ನ ಬಲಗೈಯ ಕಿರುಬೆರಳು ಹಿಡಿದು ಗಾಜಿನ ಮೇಲೆ ಇಟ್ಟಳು. ನಲವತ್ತು ವರ್ಷ ಉಳಿದ ಬೆರಳುಗಳೆಲ್ಲ ಬಿಸಿನೀರಿನಲ್ಲಿ ಬೇಯುವಾಗ, ದೊಡ್ಡವರ ಮನೆಯವರು ಕಾಫಿ ಲೋಟ ಹಿಡಿಯುವಂತೆ ಮೇಲೆತ್ತಿಕೊಂಡು ಸುಮ್ಮನೆ ನಿಂತಿದ್ದ ಸೋಮಾರಿ ಬೆರಳು ಅದು. ಒಂದು ಕ್ಷಣ. ಹಸಿರು ದೀಪ!

ಜಗಲಿಯಿಂದ ಒಳಗೆ ಇಣುಕುತ್ತಿದ್ದವರೆಲ್ಲ ಉಸಿರು ಬಿಟ್ಟರು. ನಾನು ಅತ್ತುಬಿಟ್ಟೆ. ಈ ಸಲ ಸಂತೋಷಕ್ಕೆ. ಕಣ್ಣು ಒರೆಸಿಕೊಳ್ಳಲು ಕೈ ಎತ್ತಿದೆ ನೋಡಿ, ಬೆಣ್ಣೆ ಕರಗಿ ಸಡಿಲವಾಗಿದ್ದ ಕಟ್ಟು ಹಾಗೇ ಜಾರಿ ಚಾಪೆಯ ಮೇಲೆ ಬಿತ್ತು. ಒಳಗಿನಿಂದ ನನ್ನ ಹೆಬ್ಬೆಟ್ಟು ಬೆಳ್ಳಗೆ, ಸುಕ್ಕಾಗಿ, ಇಡಿಯಾಗಿ ಹೊರಗೆ ಬಂತು.

ಮೂಸಂಬಿ ತಂದವರು ಮೂಸಂಬಿಯ ಕಡೆ ನೋಡಿದರು. ಪಾಪಕ್ಕ ಒಲೆಯ ಮೇಲೆ ಹಾಲಿಟ್ಟು ಬಂದಿದ್ದೇನೆ ಎಂದು ಎದ್ದು ಹೋದಳು. ಅವಳ ಮನೆಯಲ್ಲಿ ಆಗ ಹಾಲೇ ಇರಲಿಲ್ಲ. ನಾನು ತಲೆ ತಗ್ಗಿಸಿಕೊಂಡು ಮೊದಲಿನಿಂದ ಎಲ್ಲವನ್ನೂ ಹೇಳಿದೆ. ರುಜು, ಹರಳೆಣ್ಣೆ, ಬೆಣ್ಣೆ, ಇಂಜೆಕ್ಷನ್, ಎಲ್ಲ. ರತ್ನಮ್ಮ ಆಗಲೂ ನಗಲಿಲ್ಲ. ತುಟಿ ಮಾತ್ರ ಒಳಗೆ ಕಚ್ಚಿಕೊಂಡಿದ್ದಳು. ಆಮೇಲೆ ಚೀಲದಿಂದ ಒಂದು ಪುಸ್ತಕ ತೆಗೆದು, ಮನೆಗೆ ಬಂದು ಮಾಡಿಕೊಟ್ಟಿದ್ದಕ್ಕೆ ಇಲ್ಲೊಂದು ರುಜು ಬೇಕು ಅಜ್ಜಿ ಎಂದಳು.

ರುಜು! ಕಡೆಗೂ ನನ್ನ ಕಾಲ ಬಂತು ಎಂದು ನೆಟ್ಟಗೆ ಕುಳಿತೆ. ಊರೇ ನೋಡುತ್ತಿದೆ, ಹೋದ ಮಾನ ಒಂದೇ ಓಟದಲ್ಲಿ ವಾಪಸು ಬರಲಿ ಎಂದು ಪೆನ್ನು ತೆಗೆದುಕೊಂಡೆ. ಐದು ದಿನ ರಜೆಯಲ್ಲಿದ್ದ ಹೆಬ್ಬೆಟ್ಟು ಬಗ್ಗಲೊಲ್ಲದು. ಬೆಣ್ಣೆಗೆ ಪೆನ್ನು ನಿಲ್ಲಲೊಲ್ಲದು. 'ಮು' ಎಂದು ಶುರು ಮಾಡಿದ್ದು ಹಣ್ಣಾದ ರೇಷ್ಮೆ ಹುಳು ಗೂಡಿಗೆ ಜಾಗ ಹುಡುಕಿ ಅಲೆದ ಹಾಗೆ ಪುಟದ ತುಂಬ ಅಲೆಯಿತು. ಪೆನ್ನು ಎರಡು ಸಲ ಜಾರಿ ಬಿತ್ತು.

ಆಗ ರತ್ನಮ್ಮ ಬೇರೆ ಯಾರಿಗೂ ಕೇಳದಷ್ಟು ಮೆತ್ತಗೆ, ಬಹಳ ಮರ್ಯಾದೆಯಿಂದ ಹೇಳಿದಳು.

"ಬರೆಯಕ್ಕೆ ಬರ್ದೆ ಇದ್ರೆ ಹೆಬ್ಬೆಟ್ಟೊತ್ತಿ ಅಜ್ಜಿ. ಇದ್ರಲ್ಲಿ ನಾಚ್ಕೊಳೋದು ಏನೈತೆ?"

ಅವಳು ಚಾಚಿದ ನೀಲಿ ಮಸಿಗೆ ಅದ್ದಿ ಒತ್ತಿದೆ. ನಮ್ಮ ಕಾರ್ಡು ಉಳಿದಿದೆ ಮಕ್ಕಳೇ, ನೀವು ನಿಶ್ಚಿಂತೆಯಿಂದ ಉಣ್ಣಿ. ಆದರೆ ಅಂಗಡಿಯ ಆ ಪುಸ್ತಕವನ್ನು ಯಾವತ್ತಾದರೂ ನೋಡಿದರೆ, ಸಾದಲಿ ಶಾಲೆಯ ಏಳನೇ ಕ್ಲಾಸು ಪಾಸಾದ ಮುನಿಲಕ್ಷ್ಮಮ್ಮನ ಹೆಸರಿನ ಮುಂದೆ, ಒಂದು ಗೆರೆಯೂ ಇಲ್ಲದ ನೀಲಿ ಬೊಟ್ಟು ಕಾಣಿಸುತ್ತದೆ. ಸುತ್ತಲೂ ಸ್ವಲ್ಪ ಬೆಣ್ಣೆ.