ಎಣ್ಣೆ ಕುಡಿದ ಸಾಣೆಕಲ್ಲು

ಅಕ್ಟೋಬರ್ ಹನ್ನೆರಡು, ಭಾನುವಾರ. ಬರೆಯಲು ಕುಳಿತದ್ದು ಬೆಳಿಗ್ಗೆ ಏಳು ಗಂಟೆ ಇಪ್ಪತ್ತು ನಿಮಿಷಕ್ಕೆ.

ನನ್ನ ಸೋದರಮಾವ ದಿನವೂ ಒಂದು ಕಲ್ಲಿಗೆ ನೀರು ಹಾಕಿ, ಒರೆಸಿ, ಬಟ್ಟೆ ಹೊದಿಸಿ ಮಲಗಿಸುತ್ತಾರೆ ಎಂದರೆ ಅವರನ್ನು ಮಹಾ ದೈವಭಕ್ತರೆಂದು ತಿಳಿಯಬೇಡಿ. ದೇವರ ಜಗಲಿಯ ಕಡೆ ಅವರು ತಿರುಗುವುದು ಬೆಂಕಿಪೊಟ್ಟಣ ಬೇಕಾದಾಗ ಮಾತ್ರ! ಇದು ಸಾಣೆಕಲ್ಲು. ಮಾಮಾ ಬಡಿಗರು. ಬಂಗೂರನಗರದಲ್ಲಿ ಅವರು ಕೂರಿಸಿದ ಬಾಗಿಲುಗಳು ಮಳೆಗಾಲದಲ್ಲೂ ತಕರಾರಿಲ್ಲದೆ ಮುಚ್ಚುತ್ತವೆ. ಅದಕ್ಕೆ ಕಾರಣ ಉಳಿಯ ಹರಿತ, ಹರಿತಕ್ಕೆ ಕಾರಣ ಈ ಕಲ್ಲು ಎಂಬುದು ಅವರ ವಾದ. ಅಂಗಡಿಯ ಮಾಲಲ್ಲ. ಕೆಲಸ ಕಲಿಸಿದ ಉಸ್ತಾದರು ಕಾಳಿ ನದಿಯ ದಡದಲ್ಲಿ ಹುಡುಕಿ ತಂದು ಕೊಟ್ಟದ್ದು. ಬೂದು ಬಣ್ಣ, ಬೆರಳಾಡಿಸಿದರೆ ಹಾಲಿನ ಕೆನೆಯಷ್ಟು ನುಣುಪು. ಬೆರಳಾಡಿಸಿದ್ದು ಮಾಮಾ ಕಣ್ಣು ತಪ್ಪಿಸಿ!

ಅತ್ತೆಯ ಬಂಗಾರ ಅಡುಗೆಮನೆಯಲ್ಲಿ ಸಕ್ಕರೆ ಡಬ್ಬಿಯ ಹಿಂದಿದೆ. ಕಲ್ಲಿಗೆ ಮಾತ್ರ ಸಾಗವಾನಿ ಪೆಟ್ಟಿಗೆ, ಅದಕ್ಕೆ ಬೀಗ.

ಕಾಲೇಜಿಗೆಂದು ನಾನು ಮಾಮಾ ಮನೆಗೆ ಬಂದದ್ದು ಜುಲೈ ಒಂದಕ್ಕೆ. ಅಂದಿನಿಂದ ನನ್ನ ನೋಟುಬುಕ್ಕಿನಲ್ಲಿ ಲೆಕ್ಕವಿದೆ. ಕಲ್ಲು ಕೇಳಲು ಬಂದದ್ದು ಇಪ್ಪತ್ತಮೂರು ಸಲ. ಕೊಟ್ಟದ್ದು ಸೊನ್ನೆ. ಪಕ್ಕದ ಮನೆಯ ಹೆಂಗಸು, ನಾವೆಲ್ಲ ಕಾಕೂ ಎನ್ನುವವರು, ಒಬ್ಬರೇ ಆರು ಸಲ ಬಂದಿದ್ದಾರೆ.

"ಅಣ್ಣಾರ, ಐದ ಮಿನಿಟ್ ಕಲ್ಲ ಕೊಡ್ರಿ. ಈಳಿಗಿ ಮಸದು ತಂದು ಕೊಡ್ತೇನಿ."

"ಕಲ್ಲ ಮಲಗೇತ್ರಿ."

"ಹಂಗಾರ ಎದ್ದ ಮ್ಯಾಲ ಹೇಳ್ರಿ, ಚಾ ಮಾಡ್ಕೊಂಡ ಬರ್ತೇನಿ!"

ಕಾಕೂ ಹೀಗೆ ಚುಚ್ಚಿದರೂ ಮಾಮಾ ಜಗ್ಗುವುದಿಲ್ಲ. "ಈಳಿಗಿ ಇಟ್ಟ ಹೋಗ್ರಿ" ಎನ್ನುತ್ತಾರೆ. ಸಂಜೆ ಗೊಣಗುತ್ತ ತಾವೇ ಮಸೆದು ಕೊಡುತ್ತಾರೆ. ಹಾಗೆ ಮಸೆದು ಕೊಟ್ಟದ್ದೂ ಇಪ್ಪತ್ತಮೂರೇ! ಕಲ್ಲು ಕೊಟ್ಟಿದ್ದರೆ ಕೆಲಸವಾದರೂ ಉಳಿಯುತ್ತಿರಲಿಲ್ಲವೇ?

ಬಳಸಿದಂತೆ ಕಲ್ಲಿನ ನಡುವೆ ತಗ್ಗು ಬೀಳುತ್ತದೆ. ತಗ್ಗು ಬಿದ್ದ ಕಲ್ಲಿನ ಮೇಲೆ ಉಳಿ ನೇರ ಕೂರುವುದಿಲ್ಲ. ಆದ್ದರಿಂದ ಪ್ರತಿ ಭಾನುವಾರ ಅದನ್ನು ಹಿತ್ತಲಿನ ಒಗೆಯುವ ಕಲ್ಲಿನ ಮೇಲೆ ಮರಳು ಹಾಕಿ ತಿಕ್ಕಿ ಸಮ ಮಾಡುತ್ತಾರೆ. ಸಾಣೆಕಲ್ಲು ಎಷ್ಟು ಸವೆಯಿತೆಂದು ನಾನು ಸ್ಕೇಲ್ ಹಿಡಿದು ಅಳೆದೆ. ವ್ಯತ್ಯಾಸ ಕಣ್ಣಿಗೆ ಕಾಣಲಿಲ್ಲ. ಒಗೆಯುವ ಕಲ್ಲು ಮಾತ್ರ ಕನ್ನಡಿಯಂತಾಗಿ, ಅತ್ತೆಯ ಸಾಬೂನು ಜಾರಿ ಗಟಾರಕ್ಕೆ ಬಿದ್ದದ್ದು ಒಂಬತ್ತು ಸಲ!

"ರೀ, ನಿಮ್ಮ ಕಲ್ಲ ಉಳಸಾಕ ನನ್ನ ಕಲ್ಲ ಸವಸಾಕತ್ತೀರಲ್ಲ?"

"ಅದು ಒಗಿಯೂ ಕಲ್ಲ. ಅಂಥಾವು ಊರ ತುಂಬ ಸಿಗ್ತಾವ."

ಅಂಥದೇ ಇನ್ನೊಂದು ಸಾಣೆಕಲ್ಲು ಸಿಗಬಹುದೆಂದು ಕಳೆದ ಬೇಸಿಗೆಯಲ್ಲಿ ಮಾಮಾ ಕಾಳಿ ದಡದ ಗಣೇಶಗುಡಿ ಊರಿಗೆ ಹೋಗಿ, ನದಿ ದಂಡೆಯೆಲ್ಲ ತಡಕಾಡಿ, ಗೋಣಿಚೀಲದಲ್ಲಿ ಹನ್ನೊಂದು ಕಲ್ಲು ಹೊತ್ತು ತಂದರಂತೆ. ಒಂದೂ ಮಸೆಯಲಿಲ್ಲ. ಈಗ ಅವು ಅತ್ತೆಯ ಸಂಡಿಗೆ ಬಟ್ಟೆ ಗಾಳಿಗೆ ಹಾರದಂತೆ ಕಾಯುತ್ತಿವೆ.

ಇನ್ನು ಅಕ್ಟೋಬರ್ ಒಂದರ ವಿಷಯ. ಅಂದು ಖಂಡೇಪೂಜೆ, ಅಂದರೆ ಆಯುಧಪೂಜೆ. ಮಾಮಾ ಹೂ ತರಲು ಹೋಗಿದ್ದರು. ಹತ್ಯಾರಗಳನ್ನು ಒರೆಸಿಡಲು ಅತ್ತೆ ನನಗೆ ಹೇಳಿದರು. ತುಕ್ಕು ಹಿಡಿಯದಿರಲೆಂದು ಎಂಟು ಉಳಿ, ಎರಡು ಗರಗಸಕ್ಕೆ ಕೊಬ್ಬರಿ ಎಣ್ಣೆ ಸವರಿದೆ. ಬಟ್ಟಲಿನಲ್ಲಿ ಇನ್ನೂ ಎಣ್ಣೆ ಇತ್ತು. ಹಬ್ಬಕ್ಕೆಂದು ಬೀಗ ತೆಗೆದ ಪೆಟ್ಟಿಗೆಯಲ್ಲಿ ಕಲ್ಲು ಮಂಕಾಗಿ ಕುಳಿತಿತ್ತು. ಪಾಪ, ಅದೂ ಮಿಂಚಲಿ! ಹಚ್ಚಿದೆ. ಕುಡಿಯಿತು. ಮತ್ತೆರಡು ಚಮಚ ಸುರಿದೆ.

ಆ ಕಲ್ಲಿಗೆ ನೀರು ಬಿಟ್ಟರೆ ಬೇರೇನೂ ಸೋಕಬಾರದು, ಎಣ್ಣೆ ಒಳಗಿಳಿದರೆ ಉಳಿ ಕಚ್ಚದೆ ಜಾರುತ್ತದೆ ಎಂದು ನನಗೆ ತಿಳಿದದ್ದು ಅಂದು ಸಂಜೆ. ಪ್ರಸಾದಕ್ಕೆ ಓಣಿಯ ಜನವೆಲ್ಲ ಸೇರಿತ್ತು. ಮಾಮಾ ಅವರ ಗೆಳೆಯ, ಹಳಿಯಾಳದ ಬಡಿಗರೊಬ್ಬರು, ಕಲ್ಲನ್ನು ಕೈಗೆತ್ತಿಕೊಂಡು ಕೂಗಿಯೇಬಿಟ್ಟರು.

"ಏನಪಾ ಇದು! ಕಲ್ಲಿಗೆ ಎಣ್ಣಿ ಕುಡಿಸೀರಿ! ಯಾವ ಶಾಣ್ಯಾನ ಕೆಲಸ ಇದು?"

ಮಾಮಾ ಕಲ್ಲು ನೋಡಿದರು. ಆಮೇಲೆ ಮಿಂಚುತ್ತಿದ್ದ ನನ್ನ ಹತ್ತು ಬೆರಳುಗಳನ್ನು ನೋಡಿದರು. ನಾನು ಕಣ್ಣು ಮುಚ್ಚಿಕೊಂಡೆ.

"ನಾನ ಹಚ್ಚೇನಿ. ಹಬ್ಬದ ಗಡಿಬಿಡಿಯೊಳಗ ಮರ್ತೆ" ಎಂದರು ಮಾಮಾ.

ಕಾಕೂ ಬಿಡುತ್ತಾರೆಯೇ? "ನಮ್ಮ ಈಳಿಗಿ ಮುಟ್ಟಿದ್ರ ಕೆಡತೈತಿ ಅಂತಿದ್ರಿ ಅಣ್ಣಾರ! ಈಗ ಯಾರ ಕೆಡಿಸಿದ್ರು?" ಇಡೀ ಮನೆ ನಕ್ಕಿತು. ಮಾಮಾ ಕೂಡ ನಕ್ಕು ಪ್ರಸಾದ ಹಂಚಿದರು.

ಮರುದಿನದಿಂದ ಕಲ್ಲಿಗೆ ಅಭ್ಯಂಜನ. ಸೀಗೆಪುಡಿ ಎರಡು ದಿನ, ಕಡಲೆಹಿಟ್ಟು ಎರಡು ದಿನ, ಒಲೆಯ ಬೂದಿ ಮೂರು ದಿನ, ಆಮೇಲೆ ಸೋಡಾ. "ಲಗ್ನ ಆದಾಗಿನಿಂದ ನನಗ ಒಮ್ಮೆರ ಸೀಗಿಪುಡಿ ಕಲಿಸಿ ಕೊಟ್ಟೀರೇನ್ರಿ?" ಎಂದು ಅತ್ತೆ ಕೇಳಿದರು. ಹಳಿಯಾಳದ ಗೆಳೆಯ ಫೋನ್ ಮಾಡಿ "ತಲಿಸ್ನಾನ ಆತೇನೋ ಕಲ್ಲಿಂದು?" ಎಂದು ಕೆಣಕಿದ್ದು ಏಳು ಸಲ. ಅತ್ತ ಒಂದು ಮನೆಯ ತಲಬಾಗಿಲಿನ ಕೆಲಸ ಅರ್ಧಕ್ಕೆ ನಿಂತಿತ್ತು. ಅಂಗಡಿಯ ಕಲ್ಲಿನಲ್ಲಿ ಮಸೆದ ಉಳಿ ಮಾಮಾಗೆ ಒಪ್ಪಿಗೆಯಾಗದು. ನನ್ನ ಹೆಸರು ಮಾತ್ರ ಅವರ ಬಾಯಿಂದ ಬರಲಿಲ್ಲ. ದಿನಕ್ಕೆ ಎಷ್ಟು ಕಪ್ ಚಹಾ ಎಂದು ಬರೆದಿಡುವ ನಾನೂ ನೋಟುಬುಕ್ಕಿನಲ್ಲಿ ಆ ಎಣ್ಣೆಯ ವಿಷಯ ಬರೆದಿರಲಿಲ್ಲ.

ನಿನ್ನೆ ಸಂಜೆ ಐದೂವರೆಗೆ ತಡೆಯಲಾಗದೆ ಕೇಳಿದೆ. "ಮಾಮಾ, ಅವತ್ತ ಯಾಕ ನನಗ ಬೈಲಿಲ್ಲ?"

ಅವರು ಕಲ್ಲು ಒರೆಸುತ್ತಲೇ ಇದ್ದರು. "ಈ ಮನ್ಯಾಗ ನನ್ನ ಉಳಿ ತಾವಾಗಿ ಒರಸಿದವ್ರು ಯಾರದಾರವಾ? ಬೈದಿದ್ರ ನೀ ಮತ್ತ ಮುಟ್ತಿದ್ದಿಲ್ಲ."

ಆಮೇಲೆ ಕಲ್ಲನ್ನು ನನ್ನ ಮುಂದಿಟ್ಟು, ಸಣ್ಣ ಉಳಿಯೊಂದನ್ನು ಕೈಗಿತ್ತರು. "ನೀರ ಹಾಕು. ಒತ್ತಬ್ಯಾಡ. ಹಗೂರಕ ಎಳಿ."

ಎಳೆದೆ. ಕಲ್ಲು ಕಚ್ಚಿತು!

ನೋಟುಬುಕ್ಕನ್ನು ತಿದ್ದಿದ್ದೇನೆ. ಕೇಳಿದ್ದು ಇಪ್ಪತ್ತಮೂರು ಸಲ. ಕೊಟ್ಟದ್ದು ಒಂದು, ಅದೂ ಕೇಳದವಳಿಗೆ.

ಆದರೆ ಒಂದು ತುದಿಯಲ್ಲಿ ಬಿಲ್ವಪತ್ರೆಯಷ್ಟು ಕಲೆ ಉಳಿದಿದೆ. ಅಲ್ಲಿ ಉಳಿ ಇನ್ನೂ ಜಾರುತ್ತದೆ. ಇಂಥ ಕಲ್ಲಿನಿಂದ ಕೊಬ್ಬರಿ ಎಣ್ಣೆ ಬಿಡಿಸುವ ಉಪಾಯ ಬಲ್ಲವರು ದಯವಿಟ್ಟು ಬರೆದು ತಿಳಿಸಿ. ಬುದ್ಧಿಮಾತು ಹೇಳುವುದಿದ್ದರೆ ಮಾಮಾಗೆ ಬೇಡ, ನನಗೇ ಹೇಳಿ. ಹಳಿಯಾಳದವರೂ ಓದಿಕೊಳ್ಳಲಿ: ಎಣ್ಣೆ ಹಚ್ಚಿದ ಶಾಣ್ಯಾ ನಾನೇ.